‘ಹೆವಿಲೀ’ ಸುರಿಯುವ ಮಳೆ, ‘ಸ್ಟ್ರಾಂಗ್ಲೀ’ ಮಾಡುವ ಶಿಫಾರಸು

ಪ್ರಶ್ನೆ: ನಾನು ಸಹಕಾರ ಸಂಘವೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ತರಬೇತಿ ಮುಗಿಸಿದ ಹುಡುಗನೊಬ್ಬನಿಗೆ ಇಂಗ್ಲಿಷಿನಲ್ಲಿ ಶಿಫಾರಸು ಪತ್ರ ಬರೆಯುವಾಗ ‘ಹೆವಿಲೀ ರೆಕಮೆಂಡ್’ ಎಂದು ಬರೆದೆ. ಕಾರ್ಯದರ್ಶಿಯವರು ನಕ್ಕು ‘ಸ್ಟ್ರಾಂಗ್ಲೀ’ ಎಂದು ತಿದ್ದಿದರು. ಅದೇ ವಾರ, ಏಳನೆಯ ತರಗತಿಯಲ್ಲಿರುವ ನನ್ನ ಮಗಳು ಮಳೆಗಾಲದ ಪ್ರಬಂಧದಲ್ಲಿ ‘ರೇನ್ಡ್ ಸ್ಟ್ರಾಂಗ್ಲೀ’ ಎಂದು ಬರೆದಿದ್ದಳು. ಅವಳ ಟೀಚರ್ ಅದನ್ನು ಹೊಡೆದು ‘ಹೆವಿಲೀ’ ಎಂದು ಬರೆದರು! ಕೆಳಗಿನ ಸಾಲಿನಲ್ಲಿ ಅವಳು ಮಳೆ ‘ಶೌಟಿಂಗ್ಲೀ’ ಬಂತು ಎಂದಿದ್ದಳು. ಅದಕ್ಕೂ ಕೆಂಪು ಗೀಟು ಬಿದ್ದಿದೆ, ಆದರೆ ಬದಲಿ ಪದ ಕೊಟ್ಟಿಲ್ಲ. ಎಲ್ಲದರ ಅರ್ಥವೂ ‘ತುಂಬಾ’, ‘ಜೋರಾಗಿ’ ಎಂದೇ ತಾನೆ? ಇದಕ್ಕೆ ನಿಯಮವಿದೆಯೆ, ಅಥವಾ ಇಂಗ್ಲಿಷಿನವರು ಮನಸ್ಸಿಗೆ ಬಂದಂತೆ ಹೇಳುತ್ತಾರೆಯೆ?
— ತೀರ್ಥಹಳ್ಳಿಯ ಓದುಗರು

ಉತ್ತರ: ಇಂಗ್ಲಿಷಿಗೆ ಹೋಗುವ ಮೊದಲು ಮನೆಗೆ ಬರುವ ಕನ್ನಡ ಪತ್ರಿಕೆಯನ್ನೇ ಒಮ್ಮೆ ತೆರೆಯಿರಿ. ಬಸ್ ಉರುಳಿದರೆ ಪ್ರಯಾಣಿಕರು ಕೂದಲೆಳೆಯ ಅಂತರದಲ್ಲಿ ಪಾರಾಗುತ್ತಾರೆ. ಸಚಿವರು ಆರೋಪವನ್ನು ಸಾರಾಸಗಟಾಗಿ ತಳ್ಳಿಹಾಕುತ್ತಾರೆ, ವಿರೋಧ ಪಕ್ಷದವರು ತೀವ್ರವಾಗಿ ಖಂಡಿಸುತ್ತಾರೆ, ಗ್ರಾಮಸ್ಥರು ಒಕ್ಕೊರಲಿನಿಂದ ಆಗ್ರಹಿಸುತ್ತಾರೆ, ಸಮಾರಂಭದ ಅಧ್ಯಕ್ಷರು ಸಂಘಟಕರನ್ನು ಮುಕ್ತಕಂಠದಿಂದ ಶ್ಲಾಘಿಸುತ್ತಾರೆ. ಈಗ ಸ್ವಲ್ಪ ಅದಲುಬದಲು ಮಾಡಿ ನೋಡಿ: ‘ಮುಕ್ತಕಂಠದಿಂದ ಖಂಡಿಸಿದರು’, ‘ಸಾರಾಸಗಟಾಗಿ ಶ್ಲಾಘಿಸಿದರು’. ವಿಭಕ್ತಿ ಸರಿಯಾಗಿದೆ, ಕ್ರಿಯಾಪದ ಸರಿಯಾಗಿದೆ, ವ್ಯಾಕರಣ ಮೇಷ್ಟರು ಎಲ್ಲಿಯೂ ಬೆರಳಿಡುವಂತಿಲ್ಲ. ಆದರೂ ನಿಮ್ಮ ಕಾರ್ಯದರ್ಶಿಯವರು ನಕ್ಕಂತೆಯೇ ನೀವೂ ನಗುತ್ತೀರಿ. ಗಂಟಲು ಬಿಚ್ಚಿ ಬೈಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಹಾಗೆ ಬೈಯುವವರನ್ನು ದಿನಾ ಕೇಳುತ್ತೇವೆ. ಆದರೆ ‘ಮುಕ್ತಕಂಠ’ವನ್ನು ಕನ್ನಡ ಹೊಗಳಿಕೆಯ ಹೆಸರಿಗೆ ಖಾತೆ ಮಾಡಿಕೊಟ್ಟು ಬಹಳ ಕಾಲವಾಗಿದೆ.

ಕ್ರಿಯಾಪದ ತನ್ನ ಜೊತೆಗಾರನನ್ನು ತಾನೇ ಆರಿಸಿಕೊಳ್ಳುವ ಈ ಪದ್ಧತಿ ಇಂಗ್ಲಿಷಿನ ಹಟವೇನಲ್ಲ, ಎಲ್ಲ ಭಾಷೆಗಳಲ್ಲೂ ಇದೆ. ನಮ್ಮ ಭಾಷೆಯಲ್ಲಿ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಇಂಗ್ಲಿಷಿನ ವಿಷಯದಲ್ಲಿಯೂ ಇದನ್ನು ಶ್ರದ್ಧೆಯಿಂದ ಪಟ್ಟಿ ಮಾಡತೊಡಗಿದ್ದು ಇಂಗ್ಲೆಂಡಿನಲ್ಲಿ ಕುಳಿತವರಲ್ಲ, ಪರದೇಶದಲ್ಲಿ ಪಾಠ ಹೇಳುತ್ತಿದ್ದ ಮೇಷ್ಟರುಗಳು. ಹೆರಾಲ್ಡ್ ಪಾಮರ್ ಎಂಬುವರು ಜಪಾನಿನ ವಿದ್ಯಾರ್ಥಿಗಳಿಗಾಗಿ ಇಂತಹ ಪದಜೋಡಿಗಳ ವರದಿಯೊಂದನ್ನು ಟೋಕಿಯೊದಲ್ಲಿ ಪ್ರಕಟಿಸಿದ್ದು 1933ರಲ್ಲಿ. ಪದದ ಅರ್ಥ ಅದರ ಸಹವಾಸದಿಂದ ತಿಳಿಯುತ್ತದೆ ಎಂದು 1957ರಲ್ಲಿ ಬರೆದು ಹೆಸರಾದ ಜೆ.ಆರ್. ಫರ್ತ್ ಕೂಡ ಲಂಡನ್ನಿನಲ್ಲಿ ಪ್ರಾಧ್ಯಾಪಕರಾಗುವ ಎಷ್ಟೋ ಮೊದಲು, 1919ರಿಂದ 1928ರವರೆಗೆ, ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿದ್ದವರು. ತಪ್ಪು ಮಾಡುವ ವಿದ್ಯಾರ್ಥಿ ಎದುರಿಗೆ ಇದ್ದಾಗಲೇ ಮೇಷ್ಟರಿಗೆ ತನ್ನ ಭಾಷೆಯ ವಿಚಿತ್ರ ಕಾಣುವುದು ಎಂಬುದು ನನ್ನ ಅನುಭವವೂ ಹೌದು. ಫರ್ತ್ ಅವರ ಶಿಷ್ಯ ಹ್ಯಾಲಿಡೇ 1966ರಲ್ಲಿ ಕೊಟ್ಟ ಉದಾಹರಣೆಯನ್ನು ಇಂದಿಗೂ ತರಗತಿಗಳಲ್ಲಿ ಹೇಳುತ್ತಾರೆ: ಚಹಾ ‘ಸ್ಟ್ರಾಂಗ್’, ಕಾರು ‘ಪವರ್‌ಫುಲ್’, ತಿರುಗಿಸಿದರೆ ಎರಡೂ ಕೆಡುತ್ತವೆ. ಇದನ್ನು ನಮ್ಮ ಹೋಟೆಲುಗಳಲ್ಲಿ ವಿವರಿಸಬೇಕಾಗಿಯೇ ಇಲ್ಲ. ಸ್ಟ್ರಾಂಗ್ ಕಾಫಿ ಕೇಳಿದವರು ಲಕ್ಷಾಂತರ ಮಂದಿ, ಪವರ್‌ಫುಲ್ ಕಾಫಿ ಕೇಳಿದವರನ್ನು ನಾನು ನೋಡಿಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವುದಾದರೆ, ನಿಯಮ ಇಲ್ಲ, ಆದರೆ ಕಾರಣ ಉಂಟು. ಇಂಗ್ಲಿಷಿನ ಇಂತಹ ಒಂದೊಂದು ಕ್ರಿಯಾವಿಶೇಷಣದ ಒಳಗೂ ಹಳೆಯದೊಂದು ಚಿತ್ರ ಕುಳಿತಿದೆ. ಚಿತ್ರ ಹೊಂದಿದರೆ ಜೋಡಿ ಹೊಂದುತ್ತದೆ. ಎಲ್ಲ ಕಡೆ ಅಲ್ಲ, ಹತ್ತರಲ್ಲಿ ಆರೇಳು ಕಡೆ ಎನ್ನೋಣ. ಇದು ನನ್ನ ಲೆಕ್ಕವೇ ಹೊರತು ಯಾರೂ ಎಣಿಸಿದ್ದಲ್ಲ.

‘ಹೆವಿಲೀ’ಯಲ್ಲಿ ಇರುವುದು ತೂಕ. ಮಳೆ, ಹಿಮ ಮೇಲಿನಿಂದ ಬೀಳುತ್ತವೆ, ಅವುಗಳಿಗೆ ತೂಕವಿದೆ. ಒಬ್ಬರ ಮೇಲೆ ಒಬ್ಬರು ಭಾರ ಹಾಕುವುದರಿಂದ ‘ಡಿಪೆಂಡ್’, ‘ರಿಲೈ’ ಎಂಬ ಅವಲಂಬನೆಯ ಪದಗಳಿಗೂ ಅದು ಬರುತ್ತದೆ. ಸಾಲ ತಲೆಯ ಮೇಲಿನ ಹೊರೆ, ಆದ್ದರಿಂದ ಸಾಲ ಮಾಡುವುದಕ್ಕೂ ತೆರಿಗೆ ಹಾಕುವುದಕ್ಕೂ ಬರುತ್ತದೆ. ಕುಡಿತ, ಸಿಗರೇಟುಗಳಿಗೂ ಉಂಟು. ಕನ್ನಡದಲ್ಲಿಯೂ ಇದೇ ಚಿತ್ರವಿದೆ: ‘ಭಾರಿ ಮಳೆ’ಯಲ್ಲಿ ಭಾರವಿದೆ. ಹವಾಮಾನ ಇಲಾಖೆಯಂತೂ ಆ ಭಾರಕ್ಕೆ ಅಳತೆಯನ್ನೇ ಇಟ್ಟಿದೆ. 24 ಗಂಟೆಗಳಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ‘ಹೆವಿ’, 115.6 ಮುಟ್ಟಿದರೆ ‘ವೆರಿ ಹೆವಿ’, 204.4 ದಾಟಿದರೆ ‘ಎಕ್ಸ್‌ಟ್ರೀಮ್ಲೀ ಹೆವಿ’. ಆಗುಂಬೆಯ ನೆರೆಯಲ್ಲಿರುವ ನಿಮಗೆ ಈ ಮೂರೂ ಗೊತ್ತಿರುವ ಸಂಗತಿಗಳೇ.

ಹಾಗಿದ್ದರೆ ನೀವು ಎಡವಿದ್ದು ಎಲ್ಲಿ? ನಮ್ಮ ‘ಭಾರಿ’ ಕಾಲಕ್ರಮದಲ್ಲಿ ತೂಕ ಕಳೆದುಕೊಂಡಿದೆ. ಭಾರಿ ಮಳೆಯಂತೆಯೇ ಭಾರಿ ಚಪ್ಪಾಳೆ, ಭಾರಿ ಮೆಚ್ಚುಗೆ, ಭಾರಿ ಚೆನ್ನಾಗಿದೆ ಎಂದೆಲ್ಲ ಹೇಳುತ್ತೇವೆ. ಅದು ಬರೀ ‘ಬಹಳ’ ಆಗಿಬಿಟ್ಟಿದೆ. ಇಂಗ್ಲಿಷಿನ ‘ಹೆವಿಲೀ’ಯ ತೂಕ ಇನ್ನೂ ಇಳಿದಿಲ್ಲ. ನೀವು ‘ಹೆವಿಲೀ ರೆಕಮೆಂಡ್’ ಎಂದಾಗ ಆ ಹುಡುಗನ ಬೆನ್ನಿಗೆ ಶಿಫಾರಸಿನ ಮೂಟೆ ಹೊರಿಸಿದಂತೆ ಕಾಣುತ್ತದೆ.

‘ಸ್ಟ್ರಾಂಗ್ಲೀ’ಯಲ್ಲಿ ಇರುವುದು ತಳ್ಳುವ ಬಲ, ಅದೂ ಮನಸ್ಸಿನ ಬಲ. ಸಲಹೆ ಕೊಡುವುದು, ಒತ್ತಾಯಿಸುವುದು, ವಿರೋಧಿಸುವುದು, ಖಂಡಿಸುವುದು, ಬೆಂಬಲಿಸುವುದು, ನಂಬುವುದು ಎಲ್ಲಕ್ಕೂ ಅದು ಸೇರುತ್ತದೆ. ಒಂದು ಅಭಿಪ್ರಾಯ ಇನ್ನೊಬ್ಬರನ್ನು ಒಂದು ದಿಕ್ಕಿಗೆ ನೂಕುವ ಕೆಲಸಗಳು ಇವು. ಮಳೆಗೆ ಅಭಿಪ್ರಾಯವಿಲ್ಲ; ಅದಕ್ಕೇ ಮಗಳ ಸಾಲಿನಲ್ಲಿ ಕೆಂಪು ಗೀಟು. ಗಾಳಿಯ ವಿಷಯ ಬೇರೆ, ಗಾಳಿ ನಿಜವಾಗಿಯೂ ತಳ್ಳುತ್ತದೆ, ಆದ್ದರಿಂದ ಗಾಳಿ ‘ಸ್ಟ್ರಾಂಗ್’ ಆಗಬಹುದು.

ಇಲ್ಲಿ ನಿಮ್ಮ ಕಾರ್ಯದರ್ಶಿಯವರಿಗೂ ಒಂದು ಮಾತು. ಹುಡುಗನ ಪತ್ರಕ್ಕೆ ‘ಹೈಲೀ ರೆಕಮೆಂಡ್’ ಎಂದೂ ಬರೆಯಬಹುದಿತ್ತು. ಎರಡೂ ಸರಿ, ಆದರೆ ಒಂದೇ ಅಲ್ಲ. ‘ಹೈಲೀ’ ಎಂದರೆ ಎತ್ತರ: ಈತ ಯೋಗ್ಯ, ನನ್ನ ಕಣ್ಣಿನಲ್ಲಿ ಎತ್ತರದಲ್ಲಿದ್ದಾನೆ ಎಂಬ ಮೆಚ್ಚುಗೆ. ‘ಸ್ಟ್ರಾಂಗ್ಲೀ’ ಎಂದರೆ ಒತ್ತಡ: ಈತನನ್ನು ತೆಗೆದುಕೊಳ್ಳಿ ಎಂಬ ಒತ್ತಾಯ. ಒಳ್ಳೆಯ ಹೋಟೆಲನ್ನು ‘ಹೈಲೀ’ ಶಿಫಾರಸು ಮಾಡುತ್ತಾರೆ. ಹೆಲ್ಮೆಟ್ ಹಾಕಿಕೊಳ್ಳಿ ಎಂದು ‘ಸ್ಟ್ರಾಂಗ್ಲೀ’ ಶಿಫಾರಸು ಮಾಡುತ್ತಾರೆ.

ಇನ್ನೊಂದು ಸೊಗಸಾದ ಪದ ‘ಪ್ರೊಫ್ಯೂಸ್ಲೀ’. ಅದರ ಲ್ಯಾಟಿನ್ ಮೂಲದ ಅರ್ಥ ಹೊರಕ್ಕೆ ಸುರಿಯುವುದು. ಇಂಗ್ಲಿಷಿನಲ್ಲಿ ಬೆವರು, ರಕ್ತ ಮತ್ತು ಕ್ಷಮಾಪಣೆ ಈ ಮೂರೂ ‘ಪ್ರೊಫ್ಯೂಸ್ಲೀ’ ಬರುತ್ತವೆ. ತಪ್ಪು ಮಾಡಿದವನ ಬಾಯಿಂದ ‘ಸಾರಿ, ಸಾರಿ’ ಎಂದು ಸುರಿಯುವುದನ್ನು ಕಂಡವರಿಗೆ ಈ ಜೋಡಿ ಮರೆತುಹೋಗದು. ಆದರೆ ವಿಷಾದ ಹಾಗೆ ಸುರಿಯುವುದಿಲ್ಲ, ಅದು ಒಳಗೆ ಇಳಿದು ಕುಳಿತಿರುತ್ತದೆ. ಅದಕ್ಕೆ ‘ಡೀಪ್ಲೀ ರಿಗ್ರೆಟ್’. ಉಸಿರನ್ನೂ ಅವರು ‘ಡೀಪ್ಲೀ’ ಎಳೆಯುತ್ತಾರೆ. ನಾವು ಹಿಂದಿನಿಂದ ದೀರ್ಘವಾಗಿ ಉಸಿರೆಳೆದವರು. ಅವರಿಗೆ ಉಸಿರು ಬಾವಿ, ನಮಗೆ ಹಗ್ಗ. ನೆನಪಿಗೆ ಮಾತ್ರ ಎರಡೂ ಕಡೆ ಬೆಳಕಿನ ಚಿತ್ರ: ಅವರು ‘ಡಿಮ್ಲೀ’ ನೆನಪಿಸಿಕೊಳ್ಳುತ್ತಾರೆ, ನಮಗೆ ಮಸುಕು ಮಸುಕಾಗಿ ನೆನಪಿರುತ್ತದೆ. ಬಸ್ಸಿನಿಂದ ಪಾರಾದವರು ಅಲ್ಲಿ ‘ನ್ಯಾರೋಲೀ’ ಪಾರಾಗುತ್ತಾರೆ. ಅವರದು ಕಿರಿದಾದ ಸಂದು, ನಮ್ಮದು ಕೂದಲೆಳೆ.

ಒಂದು ಕಡೆ ಮಾತ್ರ ಹವಾಮಾನವೇ ಅಡ್ಡ ಬರುತ್ತದೆ. ಚಳಿಯ ದೇಶದವರು ಅತಿಥಿಯನ್ನು ‘ವಾರ್ಮ್ಲೀ’ ಸ್ವಾಗತಿಸುತ್ತಾರೆ. ನಮ್ಮಲ್ಲಿ ಹರಸುವುದೇ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು. ಬಹಳ ದಿನದ ಮೇಲೆ ಮಗನನ್ನು ಕಂಡ ತಾಯಿಯ ಕಣ್ಣು ತಂಪಾಗುತ್ತದೆ. ಇತ್ತೀಚೆಗೆ ಆಮಂತ್ರಣ ಪತ್ರಿಕೆಗಳಲ್ಲಿ ‘ಬೆಚ್ಚಗಿನ ಸ್ವಾಗತ’ ಕಂಡಾಗಲೆಲ್ಲ ನನಗೆ ಏಪ್ರಿಲ್ ತಿಂಗಳ ರಾಯಚೂರಿನ ಬಸ್ ನಿಲ್ದಾಣ ನೆನಪಾಗುತ್ತದೆ.

ಚಿತ್ರದ ಜೊತೆಗೆ ಇನ್ನೊಂದು ಸಂಗತಿ ಇದೆ, ಗುಣ. ಕೆಲವು ಕ್ರಿಯಾವಿಶೇಷಣಗಳು ಒಳ್ಳೆಯದರ ಪಕ್ಷ, ಕೆಲವು ಕೆಟ್ಟದ್ದರ ಪಕ್ಷ. ‘ಸಂಪೂರ್ಣವಾಗಿ’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ಫುಲ್ಲೀ’, ‘ಕಂಪ್ಲೀಟ್ಲೀ’, ‘ಟೋಟಲೀ’, ‘ಅಟರ್ಲೀ’ ಎಂದು ಒಂದು ಸಾಲೇ ಇದೆ. ‘ಫುಲ್ಲೀ’ ತುಂಬುವ ಪದ. ಅರ್ಥವಾಗುವುದು, ಬೆಂಬಲಿಸುವುದು, ಕಾಯಿಲೆಯಿಂದ ಚೇತರಿಸಿಕೊಳ್ಳುವುದು ಇಂತಹವಕ್ಕೆ ಹೊಂದುತ್ತದೆ. ಮರೆಯುವುದು ಖಾಲಿಯಾಗುವ ಕೆಲಸ. ಆದ್ದರಿಂದ ‘ಫುಲ್ಲೀ ಫರ್ಗಾಟ್’ ಎಂದರೆ ಕಿವಿಗೆ ಒಡ್ಡೊಡ್ಡಾಗಿ ಕೇಳುತ್ತದೆ, ‘ಕಂಪ್ಲೀಟ್ಲೀ ಫರ್ಗಾಟ್’ ಎನ್ನಬೇಕು. ‘ಅಟರ್ಲೀ’ಗಂತೂ ಸೋಲು, ನಾಶ, ನಿರಾಕರಣೆಗಳ ಸಹವಾಸವೇ ಹೆಚ್ಚು. ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಕೋಟಿಗಟ್ಟಲೆ ಪದಗಳನ್ನು ಕಂಪ್ಯೂಟರಿಗೆ ತುಂಬಿ, ಯಾವ ಪದದ ಅಕ್ಕಪಕ್ಕ ಯಾವುದು ಬರುತ್ತದೆ ಎಂದು ನೋಡಿದ ಮೇಲೆ ಈ ಬಗೆಯ ಒಲವುಗಳು ಸ್ಪಷ್ಟವಾದವು. ಇದನ್ನು ಓದಿದ ಮೇಲೆಯೇ ನನಗೆ ಅಮುಲ್ ಬೆಣ್ಣೆಯ ‘ಅಟರ್ಲೀ ಬಟರ್ಲೀ ಡೆಲಿಶಿಯಸ್’ ಎಂಬ ಜಾಹೀರಾತಿನ ಚಮತ್ಕಾರ ಹೊಳೆದದ್ದು. ಪ್ರಾಸದ ಜೊತೆಗೆ, ಕೆಟ್ಟದ್ದರ ಸಹವಾಸದ ಪದವನ್ನು ರುಚಿಯ ಪಕ್ಕ ತಂದು ಕೂರಿಸಿದ ತುಂಟತನವೂ ಅದರಲ್ಲಿದೆ.

ನಮ್ಮ ತಪ್ಪುಗಳ ಬೇರು ಬಹುಪಾಲು ‘ತುಂಬಾ’ ಮತ್ತು ‘ಚೆನ್ನಾಗಿ’ ಎಂಬ ಎರಡು ಪದಗಳಲ್ಲಿದೆ. ಚೆನ್ನಾಗಿ ನಿದ್ದೆ ಬಂತು, ಚೆನ್ನಾಗಿ ಮಳೆಯಾಯಿತು, ಚೆನ್ನಾಗಿ ಬೈದರು, ಚೆನ್ನಾಗಿ ಬೆವರಿದೆ, ಅವರು ನನಗೆ ಚೆನ್ನಾಗಿ ಗೊತ್ತು. ಇಷ್ಟೊಂದು ಮನೆಗಳಿಗೆ ಒಬ್ಬನೇ ಆಳು. ಇಂಗ್ಲಿಷಿನಲ್ಲಿ ಇವುಗಳಲ್ಲಿ ‘ವೆಲ್’ ಒಪ್ಪುವುದು ನಿದ್ದೆಗೆ ಮತ್ತು ಗೊತ್ತಿರುವುದಕ್ಕೆ ಮಾತ್ರ. ನಿದ್ದೆಗೆ ಇನ್ನೊಂದು ಒಳ್ಳೆಯ ಜೊತೆ ‘ಸೌಂಡ್ಲೀ’. ನನ್ನ ವಿದ್ಯಾರ್ಥಿಯೊಬ್ಬ ಇದನ್ನು ಗೊರಕೆ ಹೊಡೆಯುತ್ತ ಮಲಗುವುದು ಎಂದು ಬಹಳ ದಿನ ತಿಳಿದಿದ್ದ. ಸದ್ದು ಎಂಬ ಅರ್ಥದ ‘ಸೌಂಡ್’ ಲ್ಯಾಟಿನ್ನಿನಿಂದ ಬಂದದ್ದು. ಈ ‘ಸೌಂಡ್’ ಹಳೆಯ ಇಂಗ್ಲಿಷಿನದು, ಆರೋಗ್ಯ, ಗಟ್ಟಿತನ ಎಂಬ ಅರ್ಥ, ಜರ್ಮನ್ನಿನ ‘ಗೆಜುಂಟ್’ ಎಂಬ ಪದದ ನೆಂಟ. ಗೊರಕೆಗೂ ಅದಕ್ಕೂ ಸಂಬಂಧವಿಲ್ಲ. ಅದೇ ವಿದ್ಯಾರ್ಥಿ ಕೆಲಸದ ಅರ್ಜಿಯಲ್ಲಿ ತಾನು ‘ಹಾರ್ಡ್ಲೀ’ ದುಡಿಯುತ್ತೇನೆ ಎಂದೂ ಬರೆದಿದ್ದ. ‘ಹಾರ್ಡ್’ ಎಂದು ನಿಲ್ಲಿಸಿದ್ದರೆ ಕಷ್ಟಪಟ್ಟು ದುಡಿಯುವವನಾಗುತ್ತಿದ್ದ. ‘ಲೀ’ ಸೇರಿಸಿದ್ದರಿಂದ ದುಡಿಯುವುದೇ ಅಪರೂಪ ಎಂದಾಯಿತು. ಸತ್ಯವನ್ನೇ ಬರೆದಿದ್ದಾನೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದು ನೆನಪಿದೆ.

ಕಚೇರಿಯಲ್ಲಿರುವವರಾದ್ದರಿಂದ ‘ಕೈಂಡ್ಲೀ’ ಬಗ್ಗೆ ಹೇಳದೆ ಬಿಟ್ಟರೆ ತಪ್ಪಾದೀತು. ‘ಐ ಕೈಂಡ್ಲೀ ರಿಕ್ವೆಸ್ಟ್’ ಎಂದು ಪತ್ರ ಆರಂಭಿಸುವವರು ನಮ್ಮಲ್ಲಿ ಅಸಂಖ್ಯ. ಕ್ರಿಯಾವಿಶೇಷಣ ಯಾವ ಕೆಲಸಕ್ಕೆ ಅಂಟಿಕೊಂಡಿದೆ ನೋಡಿ: ವಿನಂತಿಸುವುದಕ್ಕೆ. ವಿನಂತಿಸುತ್ತಿರುವವರು ನೀವು. ಅಂದರೆ ‘ನಾನು ದಯಾಳುವಾಗಿ ವಿನಂತಿಸುತ್ತಿದ್ದೇನೆ’ ಎಂದು ನಿಮ್ಮ ಬೆನ್ನನ್ನು ನೀವೇ ತಟ್ಟಿಕೊಂಡಂತಾಯಿತು. ದಯೆ ತೋರಬೇಕಾದವರು ಅವರು. ನೀವು ಕೇಳುತ್ತಿರುವುದು ಕಡತ ಕಳುಹಿಸಿ ಎಂದಾದರೆ, ಆ ಕಳುಹಿಸುವ ಕೆಲಸದ ಪಕ್ಕದಲ್ಲಿ ‘ಕೈಂಡ್ಲೀ’ ಇರಲಿ. ಭಾರತದ ಕಚೇರಿಗಳಲ್ಲಿ ‘ಐ ಕೈಂಡ್ಲೀ ರಿಕ್ವೆಸ್ಟ್’ ಎಷ್ಟು ಬಳಕೆಯಲ್ಲಿದೆಯೆಂದರೆ ಯಾರೂ ತಪ್ಪೆನ್ನುವುದಿಲ್ಲ, ನಾನೂ ಹಟ ಹಿಡಿಯುವುದಿಲ್ಲ. ಆದರೆ ‘ರಿಟರ್ನ್ ಬ್ಯಾಕ್’ ವಿಷಯದಲ್ಲಿ ಹಟ ಹಿಡಿಯುತ್ತೇನೆ. ‘ರಿಟರ್ನ್’ ಪದದೊಳಗೇ ‘ಬ್ಯಾಕ್’ ಕುಳಿತಿದೆ. ಇನ್ನೊಂದು ಸೇರಿಸಿದರೆ ‘ನಡುಮಧ್ಯೆ’ ಎಂದಂತೆ.

ಜಾಗದ ವಿಚಾರವನ್ನು ಬೇಗ ಮುಗಿಸುತ್ತೇನೆ. ಕನ್ನಡದಲ್ಲಿ ಕ್ರಿಯಾವಿಶೇಷಣ ಕ್ರಿಯಾಪದದ ಮುಂಚೆ ಎಲ್ಲಿ ಬಂದರೂ ನಡೆಯುತ್ತದೆ. ‘ಈ ಪುಸ್ತಕ ನನಗೆ ತುಂಬಾ ಇಷ್ಟ’ ಎನ್ನಿ, ‘ನನಗೆ ತುಂಬಾ ಇಷ್ಟ ಈ ಪುಸ್ತಕ’ ಎನ್ನಿ, ಯಾರೂ ಬೇಸರಿಸುವುದಿಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದ ಮತ್ತು ಅದರ ಕರ್ಮಪದ ಅಂಟಿಕೊಂಡೇ ಇರಬೇಕು. ‘ಲೈಕ್’ಗೂ ‘ಬುಕ್’ಗೂ ನಡುವೆ ‘ವೆರಿ ಮಚ್’ ತಂದು ಕೂರಿಸಬಾರದು, ಅದನ್ನು ಕೊನೆಗೆ ಕಳುಹಿಸಬೇಕು. ಮನಸ್ಸಿನ ನಿಲುವನ್ನು ಹೇಳುವ ‘ಸ್ಟ್ರಾಂಗ್ಲೀ’, ‘ಫುಲ್ಲೀ’, ‘ಡೀಪ್ಲೀ’ಗಳು ಸಾಮಾನ್ಯವಾಗಿ ಕ್ರಿಯಾಪದದ ಮುಂದಾಳುಗಳು; ಕೆಲಸದ ರೀತಿ ಹೇಳುವ ‘ಹಾರ್ಡ್’, ‘ವೆಲ್’, ‘ಸೌಂಡ್ಲೀ’ ಹಿಂಬಾಲಕರು. ನಿಮ್ಮ ಮನೆಯ ಜಗಳದಲ್ಲಿಯೂ ಹಾಗೆಯೇ: ಶಿಫಾರಸಿನ ‘ಸ್ಟ್ರಾಂಗ್ಲೀ’ ಮುಂದೆ, ಮಳೆಯ ‘ಹೆವಿಲೀ’ ಹಿಂದೆ.

‘ಅಪ್’, ‘ಔಟ್’, ‘ಆಫ್’ ಮುಂತಾದ ಪುಟ್ಟ ಪದಗಳದ್ದು ಬೇರೆಯೇ ಕಥೆ, ಇಲ್ಲಿ ಪೂರ್ತಿ ಹೇಳಲಾಗದು. ಒಂದೇ ಒಂದು ಸುಳಿವು ಕೊಡುತ್ತೇನೆ. ‘ಈಟ್ ಅಪ್’, ‘ಡ್ರಿಂಕ್ ಅಪ್’ ಎಂಬಲ್ಲಿ ‘ಅಪ್’ ಮೇಲಕ್ಕೆ ಹೋಗುವುದಿಲ್ಲ. ಅದು ನಮ್ಮ ‘ಬಿಡು’ ಮಾಡುವ ಕೆಲಸವನ್ನು ಮಾಡುತ್ತದೆ: ತಿಂದುಬಿಡು, ಕುಡಿದುಬಿಡು. ಈ ರುಚಿ ಹತ್ತಿದ ಮೇಲೆ ನಾವು ನಿಭಾಯಿಸುವುದು ಎಂಬ ಅರ್ಥದ ‘ಕೋಪ್’ ಎಂಬ ಪದಕ್ಕೂ ‘ಅಪ್’ ಸೇರಿಸಿದ್ದೇವೆ, ಅದು ಬೇಕಿರಲಿಲ್ಲ.

ಮಗಳಿಗೆ ಪಟ್ಟಿ ಬಾಯಿಪಾಠ ಮಾಡಿಸಬೇಕೆ ಎಂಬ ಪ್ರಶ್ನೆಯೂ ನಿಮ್ಮ ಮನಸ್ಸಿನಲ್ಲಿರಬಹುದು. ದಯವಿಟ್ಟು ಬೇಡ. ಒಂದು ನೋಟ್‌ಬುಕ್ಕಿನಲ್ಲಿ ಪುಟಕ್ಕೊಂದು ಕ್ರಿಯಾಪದ ಬರೆದಿಡಲಿ: ಮಳೆಗೊಂದು ಪುಟ, ನಿದ್ದೆಗೊಂದು, ನೆನಪಿಗೊಂದು. ಓದುವಾಗ ಆ ಕ್ರಿಯಾಪದದ ಪಕ್ಕ ಯಾರು ಕಾಣಿಸಿದರೂ ಆ ಪುಟದಲ್ಲಿ ಸೇರಿಸಲಿ, ಸಿಕ್ಕ ವಾಕ್ಯದ ಸಮೇತ. ನಿಘಂಟು ನೋಡುವಾಗ ಅರ್ಥಕ್ಕಿಂತ ಕೆಳಗಿನ ಉದಾಹರಣೆಗಳನ್ನು ಓದುವ ಅಭ್ಯಾಸ ಮಾಡಿಸಿ. ಜೋಡಿಗಳು ಸಿಗುವುದು ಅಲ್ಲಿ. ಇಂತಹ ಪದಜೋಡಿಗಳಿಗೆಂದೇ ಮಾಡಿದ ನಿಘಂಟುಗಳೂ ಇವೆ, ಏಳನೆಯ ತರಗತಿಗೆ ಅವು ಸ್ವಲ್ಪ ಭಾರ, ನಿಮ್ಮ ಕಚೇರಿಗೆ ಒಂದು ತರಿಸಬಹುದು.

ಇನ್ನು ಆ ‘ಶೌಟಿಂಗ್ಲೀ’. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಹುಡುಗಿಯ ಕಿವಿಯಲ್ಲಿ ಇದ್ದದ್ದು ಹೆಂಚಿನ ಮೇಲೆ ಧೋ ಎಂದು ಸುರಿಯುವ ಮಳೆ. ಕನ್ನಡ ಇಂತಹ ಸದ್ದುಗಳನ್ನೆಲ್ಲ ಕ್ರಿಯಾಪದದ ಮುಂದೆ ಬೇರೆ ಪದವಾಗಿ ಇಡುತ್ತದೆ. ಗಟಗಟ ಕುಡಿ, ಗಬಗಬ ತಿನ್ನು, ಬಿಕ್ಕಿ ಬಿಕ್ಕಿ ಅಳು, ದುರುದುರು ನೋಡು, ಪಿಸುಪಿಸು ಮಾತನಾಡು. ಇವುಗಳದ್ದೂ ಗಟ್ಟಿ ಜೋಡಿಯೇ. ಗಟಗಟ ತಿಂದವರಿಲ್ಲ, ದುರುದುರು ಅತ್ತವರಿಲ್ಲ. ಇಂಗ್ಲಿಷ್ ಅದೇ ಸದ್ದನ್ನು, ಆ ಭಂಗಿಯನ್ನು ಕ್ರಿಯಾಪದದ ಹೊಟ್ಟೆಯೊಳಗೇ ಹಾಕಿಬಿಡುತ್ತದೆ. ಗಟಗಟ ಕುಡಿದರೆ ‘ಗಲ್ಪ್’, ಗಬಗಬ ತಿಂದರೆ ‘ಗಾಬಲ್’, ಬಿಕ್ಕಿ ಅತ್ತರೆ ‘ಸಾಬ್’, ದುರುದುರು ನೋಡಿದರೆ ‘ಸ್ಟೇರ್’, ಪಿಸುಗುಟ್ಟಿದರೆ ‘ವಿಸ್ಪರ್’. ಆದ್ದರಿಂದ ನಮ್ಮ ಅನುಕರಣ ಪದಕ್ಕೆ ಸರಿಸಮನಾದ, ‘ಲೀ’ ಬಾಲದ ಪದವನ್ನು ಹುಡುಕಹೊರಟರೆ ಸಿಗುವುದೇ ಇಲ್ಲ. ಟೀಚರ್ ಬದಲಿ ಪದ ಬರೆಯದೆ ಬಿಟ್ಟದ್ದು ಅದಕ್ಕೇ ಇರಬೇಕು.

ಮಗಳಿಗೆ ಹೇಳಿ, ‘ಕೇಮ್’ ಎಂಬ ಪದವನ್ನೂ ‘ಶೌಟಿಂಗ್ಲೀ’ಯನ್ನೂ ಒಟ್ಟಿಗೆ ಹೊಡೆದುಹಾಕಿ ಆ ಜಾಗದಲ್ಲಿ ‘ರೋರ್ಡ್’ ಎಂದು ಬರೆಯಲಿ. ಮಳೆ ಹೆಂಚಿನ ಮೇಲೆ ‘ರೋರ್ಡ್’. ಪಕ್ಕದಲ್ಲಿ ಮತ್ತೇನೂ ಬೇಡ.